ಚೆಂಡೆಯ ನಡುವೆ ಚಟಚಟ: ನನ್ನ ಆಡಿಯೊ ಇಂಟರ್‌ಫೇಸ್ ಬಗ್ಗೆ

ಎರಡು ಇನ್‌ಪುಟ್‌ನ ಯುಎಸ್‌ಬಿ ಆಡಿಯೊ ಇಂಟರ್‌ಫೇಸ್, ಅಂದರೆ ಮೈಕಿನ ಸದ್ದನ್ನು ಕಂಪ್ಯೂಟರಿಗೆ ಕೊಟ್ಟು, ಅಲ್ಲಿಂದ ಹೆಡ್‌ಫೋನಿಗೆ ತರುವ ಪೆಟ್ಟಿಗೆ. ಅಡಿಕೆ ಮಾರಿದ ದುಡ್ಡಲ್ಲಿ ತೆಗೆದುಕೊಂಡದ್ದು. ಕಂಪನಿಯ ಹೆಸರು ಬೇಡ, ಈ ಬೆಲೆಯ ಪೆಟ್ಟಿಗೆಗಳೆಲ್ಲ ಹೆಚ್ಚುಕಮ್ಮಿ ಒಂದೇ ಜಾತಿ. ಡಬ್ಬದ ಮೇಲೆ ಬರೆದದ್ದನ್ನು ನೀವು ಓದಿರುತ್ತೀರಿ. ಚಟಚಟದ ಸಂಗತಿ ಮಾತ್ರ ಅಲ್ಲಿ ಬರೆದಿರುವುದಿಲ್ಲ.

ನಾನಿರುವುದು ಬದಿಯಡ್ಕದ ಹತ್ತಿರ. ರೆಕಾರ್ಡ್ ಮಾಡುವುದು ತೆಂಕುತಿಟ್ಟಿನ ಯಕ್ಷಗಾನದ ಹಾಡು. ಮೊದಲು ಮಾವನ ಭಾಗವತಿಕೆ ಮತ್ತು ಜಾಗಟೆ. ಆಮೇಲೆ ಅದನ್ನು ಹೆಡ್‌ಫೋನಿನಲ್ಲಿ ಕೇಳುತ್ತಾ ಪಕ್ಕದ ಮನೆಯ ಹುಡುಗ ಮದ್ದಳೆ, ಚೆಂಡೆ ಸೇರಿಸುತ್ತಾನೆ. ಎಲ್ಲರನ್ನೂ ಒಟ್ಟಿಗೆ ಕೂರಿಸಿದರೆ ಮಾವನ ಮೈಕಿನ ತುಂಬಾ ಚೆಂಡೆಯೇ ಇರುತ್ತದೆ. ರೆಕಾರ್ಡ್ ಮಾಡುವ ಸಾಫ್ಟ್‌ವೇರ್ ರೀಪರ್. 60 ದಿನ ಪುಕ್ಕಟೆ ಬಳಸಿ ನೋಡಬಹುದು, ನಮ್ಮಂಥವರಿಗೆ ಲೈಸೆನ್ಸ್ 60 ಡಾಲರ್.

ಸುರುವಿಗೆ ಚಟಚಟ ಗೊತ್ತೇ ಆಗಲಿಲ್ಲ. ಚೆಂಡೆಯ ಬಿಡ್ತಿಗೆಯ ಜೋರು ಪೆಟ್ಟುಗಳ ನಡುವೆ ಒಂದು ಚಟ್ ಅಂದರೆ ಯಾರಿಗೆ ಕೇಳುತ್ತದೆ? ಮಾವ ನಿಧಾನಕ್ಕೆ ರಾಗ ಎಳೆಯುವ ಜಾಗದಲ್ಲಿ ಸಿಕ್ಕಿಬಿತ್ತು. ಒಣಗಿದ ಸೋಗೆ ಮುರಿದ ಹಾಗೆ ಚಟ್, ಚಟಚಟ್. ಅದೇ ಜಾಗ ಮತ್ತೆ ಹಾಕಿದರೆ ಇಲ್ಲ, ಮುಂದಿನ ಸಾಲಿನಲ್ಲಿ ಬಂತು. ಹೀಗೆ ಜಾಗ ಬದಲಿಸುತ್ತಿದ್ದರೆ ಸಮಾಧಾನ ಪಡಬಹುದು. ಫೈಲ್ ಸರಿಯಿದೆ, ಕೇಳಿಸುವಾಗ ಮಾತ್ರ ತೊಂದರೆ ಎಂದರ್ಥ. ಪ್ರತಿ ಸಲವೂ ಅದೇ ಅಕ್ಷರದ ಮೇಲೆ ಬಂದರೆ ಫೈಲಿನಲ್ಲೇ ಕೂತಿದೆ. ಆಗ ಅಲೆಯನ್ನು ದೊಡ್ಡದು ಮಾಡಿ ನೋಡಿ. ಚೆಂಡೆಯ ಪೆಟ್ಟು ಸರ್ರನೆ ಏರಿ, ಬಾಲ ಬಿಡುತ್ತಾ ಇಳಿಯುತ್ತದೆ. ಇದಕ್ಕೆ ಬಾಲವೇ ಇಲ್ಲ. ಗೆರೆ ಒಂದು ಕಡೆ ತುಂಡಾಗಿ, ಬೇರೆ ಎತ್ತರದಿಂದ ಮುಂದುವರಿಯುತ್ತದೆ. ಸಣ್ಣದಾದರೆ ಅಲ್ಲಿ ಕತ್ತರಿಸಿ ಎರಡು ತುದಿಗಳನ್ನು ಒಂದರ ಮೇಲೊಂದು ಎಳೆದು ಬೆಸೆಯಬಹುದು. ದೊಡ್ಡದಾದರೆ ಮಾವನ ಕಾಲು ಹಿಡಿಯಬೇಕು.

ಕಸ್ಟಮರ್ ಕೇರ್‌ಗೆ ಬರೆದೆ. ಡ್ರೈವರ್ ತೆಗೆದು ಮತ್ತೆ ಹಾಕಿ ಎಂದರು. ಹಾಕಿದೆ. ಬಫರ್ ಜಾಸ್ತಿ ಮಾಡಿ ಎಂದರು. ಬಫರ್ ಅಂದರೆ ಕಂಪ್ಯೂಟರು ಒಂದು ಸಲಕ್ಕೆ ಎತ್ತಿಕೊಳ್ಳುವ ಸದ್ದಿನ ತುಂಡು, ಅದರ ಅಳತೆ ಸ್ಯಾಂಪಲ್ ಎಂಬ ಚೂರುಗಳಲ್ಲಿ. 128 ಇದ್ದದ್ದನ್ನು 1024 ಮಾಡಿದೆ. ಚಟಚಟ ಕಡಿಮೆಯಾಯಿತು, ಹುಡುಗನ ಗೋಳು ಸುರುವಾಯಿತು. "ಅಣ್ಣಾ, ನಾನು ಹೊಡೆದದ್ದು ನನಗೇ ತಡವಾಗಿ ಕೇಳ್ತಾ ಉಂಟು." ಕೇಳದೇ ಇರುತ್ತದಾ? ಸೆಕೆಂಡಿಗೆ 48,000 ಸ್ಯಾಂಪಲ್ ಲೆಕ್ಕದಲ್ಲಿ 1024 ಅಂದರೆ 21 ಮಿಲಿಸೆಕೆಂಡ್. ಒಳಗೆ ಹೋಗಲು ಒಮ್ಮೆ, ಹೊರಗೆ ಬರಲು ಇನ್ನೊಮ್ಮೆ, 40 ದಾಟಿತು. ತಾಳದವನಿಗೆ ಅಷ್ಟು ಸಾಕು ಕೈ ತಪ್ಪಲು. 128ಕ್ಕೆ ಇಳಿಸಿದರೆ 3 ಮಿಲಿಸೆಕೆಂಡಿಗಿಂತ ಕಡಿಮೆ, ಆದರೆ ಅಷ್ಟರೊಳಗೆ ಕಂಪ್ಯೂಟರು ಮುಂದಿನ ತುಂಡು ಕೊಡದಿದ್ದರೆ ಪುನಃ ಚಟ್. ಇಷ್ಟನ್ನು ಬಿಡಿಸಿ ಹೇಳಲು ಕಸ್ಟಮರ್ ಕೇರ್‌ನವರಿಗೆ ಬಾಯಿ ಬರಲಿಲ್ಲ ಮಾರಾಯ್ರೇ.

ಕಂಪ್ಯೂಟರಿನೊಳಗೆ ಆಡಿಯೊಗೆ ಯಾರು ಅಡ್ಡ ಬರುತ್ತಾರೆಂದು ತೋರಿಸುವ ಲೇಟೆನ್ಸಿಮಾನ್ ಎಂಬ ಪುಕ್ಕಟೆ ಸಾಫ್ಟ್‌ವೇರ್ ಓಡಿಸಿದಾಗ ಕಳ್ಳ ಸಿಕ್ಕಿದ. ಲ್ಯಾಪ್‌ಟಾಪಿನ ವೈಫೈ ಡ್ರೈವರ್. ಅದು ತನ್ನ ಕೆಲಸಕ್ಕೆ ಪ್ರೊಸೆಸರನ್ನು ಹಿಡಿದುಕೊಂಡು ಕೂತಾಗ ಆಡಿಯೊ ಬಾಗಿಲಲ್ಲಿ ಕಾಯುತ್ತದೆ. ವೈಫೈ ಆಫ್ ಮಾಡಿದೆ, ಮುಕ್ಕಾಲು ಪಾಲು ಹೋಯಿತು. ಉಳಿದದ್ದು ವಿಂಡೋಸಿನ ಪವರ್ ಸೆಟ್ಟಿಂಗಿನಲ್ಲಿ, ಕರೆಂಟು ಉಳಿಸಲು ಪೋರ್ಟನ್ನು ಮಲಗಿಸುವ ಯುಎಸ್‌ಬಿ ಸಸ್ಪೆಂಡ್ ಆಫ್ ಮಾಡಿ, ಹೈ ಪರ್ಫಾರ್ಮೆನ್ಸ್ ಇಟ್ಟ ಮೇಲೆ ಹೋಯಿತು. ಚಾರ್ಜರ್ ಹಾಕಿದ್ದಾಗ ಒಂದು ಗುಂಯ್ ಸದ್ದೂ ಇತ್ತು. ಚಾರ್ಜರ್ ತೆಗೆದು ಬ್ಯಾಟರಿಯಲ್ಲಿ ಓಡಿಸಿದರೆ ಅದು ಇಲ್ಲ, ಆದರೆ ಪ್ರೊಸೆಸರು ನಿಧಾನವಾಗಿ ಚಟಚಟ ಬರುತ್ತಿತ್ತು. ಕೊನೆಗೆ ಅರ್ತಿಂಗ್ ಸರಿಯಿರುವ ಮೂರು ಪಿನ್ನಿನ ಪ್ಲಗ್ಗಿಗೆ ಹಾಕಿದೆ.

ಇಷ್ಟೆಲ್ಲ ಬೈದ ಮೇಲೆ ಹೇಳಬೇಕು, ಪೆಟ್ಟಿಗೆಯ ಮುಖದಲ್ಲೊಂದು ಡೈರೆಕ್ಟ್ ಮಾನಿಟರ್ ಗುಬುಟು ಇದೆ. ಅದನ್ನು ತಿರುಗಿಸಿದರೆ ಹುಡುಗನ ಪೆಟ್ಟು ಕಂಪ್ಯೂಟರಿಗೆ ಹೋಗಿ ಬರುವ ಮೊದಲೇ ಹೆಡ್‌ಫೋನಿಗೆ ಬರುತ್ತದೆ. ಬಫರ್ 1024 ಇದ್ದರೂ ಅವನಿಗೆ ತಡವಿಲ್ಲ. ರೀಪರಿನಲ್ಲಿ ಅದೇ ಟ್ರ್ಯಾಕಿನ ಮಾನಿಟರ್ ಬಟನ್ ಆಫ್ ಇರಬೇಕು, ಇಲ್ಲದಿದ್ದರೆ ಒಂದು ಪೆಟ್ಟು ಎರಡೆರಡು ಸಲ ಕೇಳುತ್ತದೆ. ಈ ಗುಬುಟು ಸಿಕ್ಕಿದಂದಿನಿಂದ ಪೆಟ್ಟಿಗೆಯ ಮೇಲೆ ಪ್ರೀತಿ ಹುಟ್ಟಿತು.

ಈಗ ಸಂಜೆಯ ಕ್ರಮವೇ ಬೇರೆ. ತೋಟದ ಪಂಪ್ ನಿಂತ ಮೇಲೆ ಮಾಳಿಗೆ ಹತ್ತುತ್ತೇನೆ. ಫ್ಯಾನ್ ಆಫ್, ವೈಫೈ ಆಫ್, ಕೆಳಗೆ ಅತ್ತೆಗೆ "ಸ್ವಲ್ಪ ಹೊತ್ತು ಮಿಕ್ಸಿ ಹಾಕ್ಬೇಡಿ" ಎಂದು ಒಂದು ಕೂಗು. ಮಾವ ಎಲೆಯಡಿಕೆ ಉಗಿದು, ಬಾಯಿ ಮುಕ್ಕಳಿಸಿ, ಶ್ರುತಿಪೆಟ್ಟಿಗೆ ಹಚ್ಚಿ ಕೂರುತ್ತಾರೆ. ನಾನು ಮೈಕಿನ ಸದ್ದು ಏರಿಸುವ ಗೇನ್ ಗುಬುಟನ್ನು ಒಂಚೂರು ಏರಿಸಿ, ಹಸಿರು ದೀಪ ಮಿಣುಕುವುದನ್ನು ನೋಡುತ್ತೇನೆ. ಜಾಗಟೆಯ ಮೊದಲ ಹೊಡೆತಕ್ಕೆ ಕೆಂಪಾದರೆ ಇಳಿಸಿ ಮತ್ತೆ ಸುರು. ಮೈಕಿನ ಸಣ್ಣ ಸದ್ದನ್ನು ದೊಡ್ಡದು ಮಾಡುವ ಪ್ರಿಆಂಪ್ ಎಷ್ಟು ಸ್ವಚ್ಛ ಅಂದರೆ ಮಾವ ಪದದ ನಡುವೆ ಉಸಿರೆಳೆಯುವುದು ಕೂಡ ಕೇಳುತ್ತದೆ. ಮಳೆಗಾಲದಲ್ಲಿ ಕಪ್ಪೆಗಳೂ ಕೇಳುತ್ತವೆ, ಅದಕ್ಕೆ ಮದ್ದಿಲ್ಲ.

ಹಾಗಂತ ಪೂರ್ತಿ ನಕ್ಷತ್ರ ಕೊಡಲಾರೆ. ಲ್ಯಾಪ್‌ಟಾಪ್ ಸ್ಲೀಪಿಗೆ ಹೋಗಿ ಎದ್ದರೆ ಇವತ್ತಿಗೂ ಸದ್ದು ಕರಕರ. ಕೇಬಲ್ ಕಿತ್ತು ಮತ್ತೆ ಚುಚ್ಚಬೇಕು. ಡ್ರೈವರ್ ಅಪ್‌ಡೇಟ್ ಬಂತು, ಇದು ಮಾತ್ರ ಹಾಗೇ ಉಳಿಯಿತು. ವಿಂಡೋಸ್ ದೊಡ್ಡ ಅಪ್‌ಡೇಟ್ ಆದಾಗ ಯುಎಸ್‌ಬಿ ಸೆಟ್ಟಿಂಗ್ ಒಮ್ಮೆ ನೋಡಿಕೊಳ್ಳುವುದೂ ಒಳ್ಳೆಯದು.

ಬರೀ ಪಾಡ್‌ಕಾಸ್ಟ್ ಮಾಡುವವರಿಗೆ ಇಷ್ಟು ಖರ್ಚು ಬೇಡ, ಒಂದು ಯುಎಸ್‌ಬಿ ಮೈಕ್ ಸಾಕು. ಹಾಡಿನ ಮೇಲೆ ವಾದ್ಯ ಸೇರಿಸುವವರು ಧಾರಾಳವಾಗಿ ತೆಗೆದುಕೊಳ್ಳಿ. ಕಂಡೆನ್ಸರ್ ಮೈಕ್ ಓಡಲು ಪೆಟ್ಟಿಗೆಯಿಂದ 48 ವೋಲ್ಟ್ ಕೊಡುವುದಿದ್ದರೆ ಪೆಟ್ಟಿಗೆಯನ್ನು ಅಗ್ಗದ ಯುಎಸ್‌ಬಿ ಹಬ್ಬಿಗೆ ಸಿಕ್ಕಿಸಬೇಡಿ, ಪವರ್ ಸಾಲದೇ ಹೋಗಬಹುದು. ನೇರ ಲ್ಯಾಪ್‌ಟಾಪಿಗೇ ಚುಚ್ಚಿ, ಮೌಸ್ ಬೇಕಾದರೆ ಹಬ್ಬಿಗೆ ಹೋಗಲಿ.