ಚಿಕ್ಕಮಗಳೂರಿನ ಪ್ಲೇಟಿನಂಗಡಿ: ಹಾಕಿಸಿ ಕೇಳಿ, ಆಮೇಲೆ ಕೊಳ್ಳಿ

ಚಿಕ್ಕಮಗಳೂರಿನ ಎಂ.ಜಿ. ರಸ್ತೆಯಿಂದ ಒಳಕ್ಕೆ ತಿರುಗುವ ಅಡ್ಡರಸ್ತೆಯೊಂದರಲ್ಲಿರುವ ಈ ಒಂದೇ ಶಟರಿನ ಅಂಗಡಿಗೆ ಬೋರ್ಡಿಲ್ಲ. ಹಳೇ ಗ್ರಾಮಫೋನ್ ಪ್ಲೇಟು ಸಿಗುವ ಅಂಗಡಿ ಎಂದು ಕೇಳಿದರೆ ಅಕ್ಕಪಕ್ಕದವರು ತೋರಿಸುತ್ತಾರೆ. ಒಳಗೆ ಇಬ್ಬರು ನಿಂತರೆ ಮೂರನೆಯವರು ಮೆಟ್ಟಿಲ ಮೇಲೆ ಕಾಯಬೇಕು. ಆದರೂ ಹಳೇ ರೆಕಾರ್ಡು ಕೊಳ್ಳುವವರಿಗೆ ಬೇಕಾದ ದೊಡ್ಡ ಸೌಕರ್ಯ ಇಲ್ಲಿದೆ. ಯಾವ ಪ್ಲೇಟನ್ನಾದರೂ ಹಾಕಿಸಿ ಕೇಳಬಹುದು. "ಹಾಕಿ ಕೇಳಿ ಸರ್, ದುಡ್ಡಿನ ಮಾತು ಆಮೇಲೆ" ಎನ್ನುತ್ತಾರೆ ಯಜಮಾನರು. ಪ್ಲೇಟಿನಲ್ಲಿ ಎಲ್ಲಿ ಸದ್ದಿದೆ, ಎಲ್ಲಿ ಸೂಜಿ ಹಾರುತ್ತದೆ ಎಂದು ನಾವು ಕೇಳುವ ಮೊದಲೇ ಹೇಳುತ್ತಾರೆ.

ಮಾಲು ಹೆಚ್ಚಾಗಿ ಬರುವುದು ಮೂಡಿಗೆರೆ, ಕೊಪ್ಪ, ಬಾಳೆಹೊನ್ನೂರು ಕಡೆಯ ತೋಟದ ಮನೆಗಳಿಂದ. ಮನೆ ಪಾಲಾದಾಗ, ಅಟ್ಟ ಖಾಲಿ ಮಾಡಿದಾಗ ಪೆಟ್ಟಿಗೆಗಟ್ಟಲೆ ಇಲ್ಲಿಗೆ ಇಳಿಯುತ್ತದೆ. ಹಾಗಾಗಿ ಪ್ಲಾಂಟರುಗಳ ಕಾಲದ ಇಂಗ್ಲಿಷ್ ಡ್ಯಾನ್ಸ್ ಬ್ಯಾಂಡಿನ ಪಕ್ಕದಲ್ಲೇ ಪಿ.ಬಿ. ಶ್ರೀನಿವಾಸ್, ಎಸ್. ಜಾನಕಿ ಹಾಡಿದ ಚಿತ್ರಗೀತೆಗಳ ಇ.ಪಿ.ಗಳು (ಕೆಲವೇ ಹಾಡಿನ ಚಿಕ್ಕ ಪ್ಲೇಟು), ಅವುಗಳ ಹಿಂದೆ ಭೀಮಸೇನ ಜೋಶಿ, ಮಲ್ಲಿಕಾರ್ಜುನ ಮನ್ಸೂರರ ಎಲ್.ಪಿ.ಗಳು (ಹೆಚ್ಚು ಹೊತ್ತು ಓಡುವ ದೊಡ್ಡ ಪ್ಲೇಟು). ಪಕ್ಕದ ಹಾಸನ ಜಿಲ್ಲೆಯ ಗದ್ದವಳ್ಳಿಯಲ್ಲಿ ಹುಟ್ಟಿದ ದೊರೆಸ್ವಾಮಿ ಅಯ್ಯಂಗಾರರ ವೀಣೆಯ ಪ್ಲೇಟು ಬಂದರೆ ಎರಡು ದಿನ ನಿಲ್ಲುವುದಿಲ್ಲ. ಬೆಲೆ ಕವರಿನ ಮೂಲೆಯಲ್ಲಿ ಪೆನ್ಸಿಲಿನಲ್ಲಿ ಬರೆದಿರುತ್ತದೆ. ಚೌಕಾಸಿ ನಡೆಯುವುದಿಲ್ಲ. ಕವರಿಲ್ಲದ ಪ್ಲೇಟುಗಳ ಪೆಟ್ಟಿಗೆ ಕೌಂಟರಿನ ಕೆಳಗಿದೆ. ಕೇಳಿದವರಿಗೆ ಮಾತ್ರ ತೆಗೆಯುತ್ತಾರೆ. ಕಡಿಮೆ ದುಡ್ಡಿಗೆ ಒಳ್ಳೆಯ ಸಂಗೀತ ಬೇಕೆಂದರೆ ಮೊದಲು ಅದನ್ನೇ ಕೇಳಿ.

ಮಲೆನಾಡಿನ ಪ್ಲೇಟಿಗೆ ಗೀರಿಗಿಂತ ದೊಡ್ಡ ಶತ್ರು ಬೂಷ್ಟು. ಪ್ಲೇಟನ್ನು ಅಂಚು ಮತ್ತು ಲೇಬಲ್ ಮಾತ್ರ ತಾಗುವಂತೆ ಹಿಡಿದು, ಬಾಗಿಲಿಗೆ ಬಂದು, ಬಿಸಿಲಿಗೆ ಓರೆ ಮಾಡಿ ನೋಡಿ. ಅಂಗಡಿಯ ಟ್ಯೂಬ್‌ಲೈಟಿನಲ್ಲಿ ಇದು ಕಾಣುವುದಿಲ್ಲ. ಬೂದು ಬಣ್ಣದ ಚುಕ್ಕೆ, ಜೇಡರ ಬಲೆಯಂಥ ಎಳೆ ಕಂಡರೆ ಅದು ಬೂಷ್ಟು. ಅದು ಬೆಳೆಯುವುದು ಕವರಿನ ಕಾಗದ, ಅಂಟು, ಕೈ ಜಿಡ್ಡನ್ನು ತಿಂದು. ಪ್ಲೇಟಿನ ವಿನೈಲ್ ಪ್ಲಾಸ್ಟಿಕ್ ಅದರ ಊಟವಲ್ಲ, ಹಾಗಾಗಿ ಬಹಳ ಸಲ ತೊಳೆದರೆ ಹೋಗುತ್ತದೆ. ಆದರೆ ವರ್ಷಗಟ್ಟಲೆ ಕೂತಿದ್ದರೆ ಕಲೆಯ ಜಾಗದಲ್ಲಿ ಚರಚರ ಸದ್ದು ಉಳಿದೇ ಬಿಡುತ್ತದೆ. ಗೀರಿನ ಮೇಲೆ ಉಗುರನ್ನು ಹಗುರವಾಗಿ ಆಡಿಸಿ. ಉಗುರಿಗೆ ಸಿಗದ ಗೀರು ಹೆಚ್ಚಾಗಿ ಕಿವಿಗೂ ಸಿಗುವುದಿಲ್ಲ. ಸಿಕ್ಕಿದರೆ ಸುತ್ತಿಗೊಂದು 'ಟಕ್' ಖಂಡಿತ. ಎಲ್.ಪಿ. ನಿಮಿಷಕ್ಕೆ 33⅓ ಸುತ್ತು ತಿರುಗುವುದರಿಂದ ಆ ಟಕ್ 1.8 ಸೆಕೆಂಡಿಗೊಮ್ಮೆ ಬರುತ್ತದೆ. ಆಲಾಪದಲ್ಲಿ ಅದು ತಾಳ ಹಾಕಿದಂತೆ ಕೇಳಿ ತಲೆ ಕೆಡಿಸುತ್ತದೆ, ಗದ್ದಲದ ಚಿತ್ರಗೀತೆಯಲ್ಲಿ ಗೊತ್ತೇ ಆಗದಿರಬಹುದು. ನಡುವಿನ ತೂತಿನ ಸುತ್ತ ಲೇಬಲ್ ಮೇಲೆ ಕೂದಲಿನಂಥ ಗೆರೆಗಳು ತುಂಬಿದ್ದರೆ ಪ್ಲೇಟು ನೂರಾರು ಸಲ ಪ್ಲೇಯರ್ ಏರಿದೆ ಎಂದರ್ಥ.

ಹಾಕಿಸಿ ಕೇಳುವಾಗ ಮೊದಲ ಹಾಡು ಕೇಳಿ ಒಪ್ಪಬೇಡಿ. ಕೊನೆಯ ಹಾಡನ್ನು ಹಾಕಿಸಿ. ಒಳಗಿನ ಸುತ್ತು ಚಿಕ್ಕದು, ಅಲ್ಲಿ ಅಷ್ಟೇ ಹೊತ್ತಿನ ದನಿ, ಸೂಜಿ ಓಡುವ ಗೆರೆಯ ಕಡಿಮೆ ಉದ್ದದಲ್ಲಿ ಅಡಕವಾಗಿರುತ್ತದೆ; ಸವೆದ ಸೂಜಿಯಲ್ಲಿ ಬಾರಿಸಿದ ಪ್ಲೇಟು ಮೊದಲು ಹಾಳಾಗುವುದೂ ಅಲ್ಲೇ. ಹಾಡುವವರ 'ಸ', 'ಶ' ಅಕ್ಷರಗಳು ಉಗುಳು ಸಿಡಿದಂತೆ ಕೇಳಿದರೆ ಗೆರೆಯೇ ಸವೆದಿದೆ, ಯಾವ ತೊಳೆತವೂ ಅದನ್ನು ಸರಿ ಮಾಡದು. ಅಂಗಡಿಯ ಸೂಜಿಯೇ ಸವೆದಿರಬಹುದು ಎಂಬ ಅನುಮಾನ ಬಂದರೆ, ಚೆನ್ನಾಗಿದೆ ಎಂದು ನಿಮಗೆ ಗೊತ್ತಿರುವ ಪ್ಲೇಟೊಂದನ್ನು ಮನೆಯಿಂದ ತಂದು ಹಾಕಿಸಿ. ಯಜಮಾನರು ಬೇಸರ ಮಾಡಿಕೊಳ್ಳುವುದಿಲ್ಲ.

ಎಚ್.ಎಂ.ವಿ. ಕಂಪನಿಯ ಎಲ್.ಪಿ.ಗಳಲ್ಲಿ ನಂಬರು 'ಇಸಿಎಲ್‌ಪಿ' ಎಂದು ಶುರುವಾದರೆ ಮೋನೋ, 'ಇಸಿಎಸ್‌ಡಿ' ಎಂದಿದ್ದರೆ ಸ್ಟೀರಿಯೋ. ಕವರಿನ ನಂಬರೂ ಲೇಬಲ್ಲಿನ ನಂಬರೂ ತಾಳೆಯಾಗುತ್ತದೆಯೇ ನೋಡಿ. ತೋಟದ ಮನೆಯ ಪೆಟ್ಟಿಗೆಗಳಲ್ಲಿ ಒಂದರ ಕವರಿನಲ್ಲಿ ಇನ್ನೊಂದು ಪ್ಲೇಟು ಸೇರಿಕೊಂಡಿರುವುದು ಮಾಮೂಲು.

ನಿಮಿಷಕ್ಕೆ 78 ಸುತ್ತು ತಿರುಗುವ ಹಳೇ ಪ್ಲೇಟುಗಳ, ಅಂದರೆ 78ರ ಪ್ಲೇಟುಗಳ, ಲೆಕ್ಕವೇ ಬೇರೆ. ಅವು ವಿನೈಲ್ ಅಲ್ಲ, ಅರಗಿಗೆ ಕಲ್ಲಿನ ಪುಡಿ ಬೆರೆಸಿ ಮಾಡಿದವು. ಹತ್ತು ಇಂಚಿನ ಪ್ಲೇಟಿನ ಒಂದು ಪಕ್ಕಕ್ಕೆ ಸುಮಾರು ಮೂರು ನಿಮಿಷ, ಕೈ ಜಾರಿದರೆ ಚೂರು. ಸಂತೆಯಲ್ಲಿ ಮಡಕೆ ಕೊಳ್ಳುವಾಗ ಮಾಡುವಂತೆ, ತೂತಿಗೆ ಬೆರಳು ಕೊಟ್ಟು ಹಿಡಿದು ಅಂಚಿಗೆ ಮೆಲ್ಲಗೆ ಬಡಿದು ನೋಡಿ. ಸದ್ದು ಒಡಕಾಗಿ ಬಂದರೆ ಕಣ್ಣಿಗೆ ಕಾಣದ ಬಿರುಕಿದೆ. ಲೇಬಲ್ಲಿನ ಮೇಲೆ 'ಗಾಂಧಾರಿ ಹಾನಗಲ್' ಎಂಬ ಹೆಸರು ಕಂಡರೆ ಬಿಡಬೇಡಿ, ಅದು ಹಿಂದೂಸ್ತಾನಿ ಗಾಯಕಿ ಗಂಗೂಬಾಯಿ ಹಾನಗಲ್ ಅವರ ಆರಂಭದ ಧ್ವನಿಮುದ್ರಣ. ದನಿ ತೆಳುವಾಗಿ, ಎತ್ತರದಲ್ಲಿರುವುದನ್ನು ಕೇಳಿ ಪ್ಲೇಯರ್ ಜೋರಾಗಿ ತಿರುಗುತ್ತಿದೆ ಎಂದು ಭಾವಿಸುವವರಿದ್ದಾರೆ. ಗಂಟಲಿನ ಶಸ್ತ್ರಚಿಕಿತ್ಸೆಗೆ ಮುಂಚೆ ಅವರ ದನಿ ಇದ್ದದ್ದೇ ಹಾಗೆ. 78ಕ್ಕೆ ಅಗಲ ತುದಿಯ ಸೂಜಿ ಬೇಕು, ಸುಮಾರು 75 ಮೈಕ್ರಾನಿನದು (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು). ಎಲ್.ಪಿ.ಯ 18 ಮೈಕ್ರಾನಿನ ಸೂಜಿ ಹಾಕಿದರೆ ಅದು ಗೆರೆಯ ತಳಕ್ಕೆ ಇಳಿದು ಬರೀ ಕೊಳೆಯ ಸದ್ದನ್ನು ಎತ್ತುತ್ತದೆ, ಕಲ್ಲಿನ ಪುಡಿಗೆ ತಾನೂ ಸವೆಯುತ್ತದೆ. ಕೀಲಿ ಕೊಡುವ ಗ್ರಾಮಫೋನ್ ಇದ್ದವರು ಪಕ್ಕಕ್ಕೊಂದು ಉಕ್ಕಿನ ಮುಳ್ಳು ಬದಲಿಸಬೇಕು. ಆ ಯಂತ್ರಕ್ಕೆ ಎಲ್.ಪಿ. ಹಾಕಿದರೆ ಒಂದೇ ಸಲಕ್ಕೆ ಉತ್ತು ಹಾಕುತ್ತದೆ.

ಅಂಗಡಿಯಲ್ಲಿ ಸದಾ ಎರಡು ಮೂರು ಪ್ಲೇಯರುಗಳು ಮಾರಾಟಕ್ಕಿರುತ್ತವೆ. ಎಚ್.ಎಂ.ವಿ. ಫಿಯೆಸ್ಟಾ, ಕ್ಯಾಲಿಪ್ಸೊಗಳನ್ನು ನೋಡಲು ಚೆಂದವೆಂದು ಕೊಳ್ಳುವವರು ಒಳಗಿನ ರಬ್ಬರ್ ಚಕ್ರವನ್ನು ಒತ್ತಿ ನೋಡಬೇಕು. ಅದು ಗಟ್ಟಿಯಾಗಿದ್ದರೆ ಹಾಡಿನ ಕೆಳಗೆ ಗುಡುಗಿನಂಥ ಸದ್ದು ಬರುತ್ತದೆ, ವೇಗವೂ ಏರುಪೇರಾಗುತ್ತದೆ. ಇನ್ನೊಂದು ಮುಖ್ಯ ಎಚ್ಚರಿಕೆ ಅಮೆರಿಕದಿಂದ ಬಂದ ಹಳೇ ಪ್ಲೇಯರುಗಳದ್ದು. 110 ವೋಲ್ಟಿಗೆ ಟ್ರಾನ್ಸ್‌ಫಾರ್ಮರ್ ಇಟ್ಟರೆ ಸಾಕು ಎಂದು ಜನ ತಿಳಿಯುತ್ತಾರೆ. ಟ್ರಾನ್ಸ್‌ಫಾರ್ಮರ್ ವೋಲ್ಟೇಜನ್ನು ಬದಲಿಸುತ್ತದೆಯೇ ಹೊರತು ಆವರ್ತನವನ್ನಲ್ಲ. 60 ಹರ್ಟ್ಸ್‌ಗೆ ಮಾಡಿದ ಎ.ಸಿ. ಮೋಟಾರು ನಮ್ಮ 50 ಹರ್ಟ್ಸ್‌ನಲ್ಲಿ ನಿಮಿಷಕ್ಕೆ 33⅓ರ ಬದಲು 28 ಸುತ್ತಿಗೂ ತುಸು ಕಡಿಮೆ ತಿರುಗುತ್ತದೆ. ಹಾರ್ಮೋನಿಯಂನ ಕಪ್ಪು-ಬಿಳಿ ಎರಡೂ ಮನೆಗಳನ್ನು ಎಣಿಸಿದರೆ ಶ್ರುತಿ ಮೂರು ಮನೆ ಇಳಿದಿರುತ್ತದೆ. ಡಿ.ಸಿ. ಮೋಟಾರಿನವಕ್ಕೆ ಈ ತೊಂದರೆಯಿಲ್ಲ.

ಮನೆಗೆ ತಂದ ಪ್ಲೇಟನ್ನು ತೊಳೆಯದೆ ಬಾರಿಸಬೇಡಿ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ನಾಲ್ಕು ಪಾಲು, ಐಸೊಪ್ರೊಪೈಲ್ ಆಲ್ಕೋಹಾಲ್ ಒಂದು ಪಾಲು, ಪಾತ್ರೆ ತೊಳೆಯುವ ದ್ರವ ಒಂದೇ ಹನಿ. ಮೈಕ್ರೋಫೈಬರ್ ಬಟ್ಟೆಯಲ್ಲಿ ಗೆರೆಯ ಗುಂಟ, ಸುತ್ತುಸುತ್ತಾಗಿ ಒರೆಸಿ. ಅಡ್ಡಡ್ಡ ಒರೆಸಿದರೆ ಧೂಳೇ ಗೀರುತ್ತದೆ. ಆಮೇಲೆ ಬರೀ ಡಿಸ್ಟಿಲ್ಡ್ ವಾಟರಿನಲ್ಲಿ ಇನ್ನೊಮ್ಮೆ ಒರೆಸಿ, ನೆರಳಲ್ಲಿ ನಿಲ್ಲಿಸಿ ಒಣಗಿಸಿ. ಲೇಬಲ್ ನೆನೆಯಬಾರದು. 78ರ ಪ್ಲೇಟಿಗೆ ಆಲ್ಕೋಹಾಲ್ ಮುಟ್ಟಿಸಲೇಬಾರದು, ಅರಗು ಕರಗುತ್ತದೆ. ಹಳೇ ಒಳಕವರನ್ನು ಬಿಸಾಡಿ, ಬೂಷ್ಟಿನ ಬೀಜ ಅದರಲ್ಲೇ ಇರುತ್ತದೆ.

ಅಂಗಡಿಯ ಮೇಲಿನ ದೂರು ಇಲ್ಲೇ ಬರುತ್ತದೆ. ಯಜಮಾನರು ಒಳ್ಳೆಯ ಪ್ಲೇಟುಗಳಿಗೆ ದಪ್ಪ ಪಿ.ವಿ.ಸಿ. ಕವರು ಹಾಕಿಡುತ್ತಾರೆ. ಬಿಸಿ ಮತ್ತು ತೇವಕ್ಕೆ ಪಿ.ವಿ.ಸಿ. ಪ್ಲೇಟಿನ ಮೇಲೆ ಮಂಜಿನಂಥ ಪೊರೆ ಬಿಡುತ್ತದೆ, ಅದು ಹೋಗುವುದಿಲ್ಲ. ಸಾದಾ ಪಾಲಿಥೀನ್ ಕವರು ಅಗ್ಗವೂ ಹೌದು, ಕ್ಷೇಮವೂ ಹೌದು. ಹಿಂಗೋಡೆಗೆ ಒತ್ತಿಟ್ಟ ರ್ಯಾಕು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೇವ ಕುಡಿಯುತ್ತದೆ. ಒಂದು ಗೇಣು ಮುಂದೆ ಎಳೆದಿಟ್ಟರೆ ಅರ್ಧ ಸಮಸ್ಯೆ ತೀರುತ್ತದೆ. ಇಷ್ಟು ಕಾಳಜಿಯಿಂದ ಮಾಲು ಆಯುವವರು ಇದನ್ನು ಮಾಡಲೇಬೇಕು. ಅಲ್ಲಿಯವರೆಗೆ ಮಳೆಗಾಲದಲ್ಲಿ ಆ ರ್ಯಾಕಿನ ಕೆಳಸಾಲಿಗೆ ಕೈ ಹಾಕಬೇಡಿ. ಜನವರಿಯಿಂದ ಮೇ ಕೊಳ್ಳಲು ಒಳ್ಳೆಯ ಕಾಲ.

ಕ್ಯಾಸೆಟ್ಟುಗಳೂ ಇವೆ, ಭಾವಗೀತೆಗಳ ಸಾಲು ಚೆನ್ನಾಗಿದೆ. ಕ್ಯಾಸೆಟ್ಟಿನ ಕಿಟಕಿಯಲ್ಲಿ ಟೇಪಿನ ಸುರುಳಿಯ ಅಂಚು ಬೆಳ್ಳಗೆ ಕಂಡರೆ ಬೂಷ್ಟು, ಅದನ್ನು ಹಾಕಿದರೆ ನಿಮ್ಮ ಪ್ಲೇಯರಿನ ಹೆಡ್ಡಿಗೂ ಅಂಟುತ್ತದೆ. ಟೇಪಿನ ಹಿಂದಿನ ಪುಟ್ಟ ಸ್ಪಂಜು ಉದುರಿದ್ದರೆ ದನಿ ಮಂಕಾಗುತ್ತದೆ. ನಾಲ್ಕು ಮೂಲೆಗೆ ಸ್ಕ್ರೂ ಇರುವ ಕ್ಯಾಸೆಟ್ಟಾದರೆ ಬಿಚ್ಚಿ ಬೇರೆಯದರ ಸ್ಪಂಜು ಕೂರಿಸಬಹುದು, ಅಂಟಿಸಿದ್ದಾದರೆ ಬಿಟ್ಟುಬಿಡಿ.

ಕೊಂಡದ್ದನ್ನು ಒಯ್ಯುವಾಗ ನೆಟ್ಟಗೆ ನಿಲ್ಲಿಸಿಯೇ ಒಯ್ಯಿರಿ. ಬಸ್ಸಿನಲ್ಲಾದರೆ ಮೇಲಿನ ಲಗೇಜು ಕಂಬಿ ಬೇಡ, ಕಾಲ ನಡುವೆ ಇಟ್ಟುಕೊಳ್ಳಿ. ಕಾರಿನಲ್ಲಿ ಬರುವ ಪ್ರವಾಸಿಗರು ಬೆಳಿಗ್ಗೆ ಪ್ಲೇಟು ಕೊಂಡು, ಹಿಂದಿನ ಸೀಟಿನಲ್ಲಿಟ್ಟು, ಬಿಸಿಲಲ್ಲಿ ಕಾರು ನಿಲ್ಲಿಸಿ ಬೆಟ್ಟ ಹತ್ತುತ್ತಾರೆ. ಇಳಿದು ಬರುವಷ್ಟರಲ್ಲಿ ಪ್ಲೇಟು ಹಪ್ಪಳದಂತೆ ಸೊಟ್ಟಗಾಗಿರುತ್ತದೆ. ಮೊದಲು ಮುಳ್ಳಯ್ಯನಗಿರಿ ನೋಡಿ ಬನ್ನಿ, ಅಂಗಡಿ ಆಮೇಲಿರಲಿ.