1930ರ ದಶಕದ ಜೋಡುನಳಿಗೆ ಕೋವಿ: ಹನ್ನೊಂದು ವರ್ಷ ಬಳಸಿದ ಮೇಲೆ

ಮೊದಲೇ ಅಂಕ ಹೇಳಿಬಿಡುತ್ತೇನೆ: ಕೋವಿಗೆ ಐದರಲ್ಲಿ ನಾಲ್ಕೂವರೆ, ಅದನ್ನು ಹೊತ್ತುಕೊಂಡು ಹಕ್ಕಿಬೇಟೆಗೆಂದು ಬೇರೆ ದೇಶಕ್ಕೆ ಹೋಗುವ ಅನುಭವಕ್ಕೆ ಎರಡು.

ನಾನು ಕೊಡಗಿನವನು, ಉದ್ಯೋಗದ ನಿಮಿತ್ತ ಇಂಗ್ಲೆಂಡಿನಲ್ಲಿ ನೆಲೆಸಿ ಹದಿನಾರು ವರ್ಷಗಳಾದವು. ಹನ್ನೊಂದು ವರ್ಷಗಳ ಹಿಂದೆ ಒಂದು ಹರಾಜಿನಲ್ಲಿ 650 ಪೌಂಡಿಗೆ ಈ 12 ಬೋರಿನ (ಬೋರು ಎಂದರೆ ನಳಿಗೆಯ ಒಳ ಅಗಲದ ಅಳತೆ) ತೋಟಾ ಕೋವಿಯನ್ನು ಕೊಂಡೆ. ಎರಡು ನಳಿಗೆಗಳ ನಡುವಿನ ಪಟ್ಟಿಯ ಮೇಲೆ ಯಾವುದೋ ಸಣ್ಣ ಊರಿನ ಕಬ್ಬಿಣದಂಗಡಿಯವರ ಹೆಸರು ಕೊರೆದಿದೆಯಾದರೂ ಅವರು ಕೋವಿ ಮಾಡಿದವರಲ್ಲ. ಬರ್ಮಿಂಗ್‌ಹ್ಯಾಮಿನ ಕಸುಬುದಾರರು ಮಾಡಿ ಕಳಿಸಿದ್ದಕ್ಕೆ ತಮ್ಮ ಹೆಸರು ಹಾಕಿಸಿ ಮಾರುತ್ತಿದ್ದರು, ಅದು ಅಂದಿನ ರೂಢಿ. ಲಂಡನ್ನಿನ ದೊಡ್ಡ ಹೆಸರುಗಳಿಗೆ ಕೊಡಬೇಕಾದ ಹಣದ ಒಂದು ಚೂರಿಗೆ ಇಂಥ ಗಟ್ಟಿ ಕೋವಿಗಳು ಇಂದಿಗೂ ಸಿಗುತ್ತಿರುವುದು ಹೆಸರಿಗೆ ಬೆಲೆಯಿಲ್ಲದ ಕಾರಣದಿಂದಲೇ.

ಒಳಗಿನ ಯಂತ್ರ ಆನ್ಸನ್ ಮತ್ತು ಡೀಲಿ ಎಂಬಿಬ್ಬರು 1875ರಲ್ಲಿ ಪೇಟೆಂಟ್ ಪಡೆದ ಬಾಕ್ಸ್‌ಲಾಕ್. ನಳಿಗೆಯನ್ನು ಬಗ್ಗಿಸಿ ತೆರೆದರೆ ಆ ಸನ್ನೆಯ ಬಲದಿಂದಲೇ ಒಳಗಿನ ಸುತ್ತಿಗೆಗಳು ಹಿಂದಕ್ಕೆ ಸರಿದು ಸಜ್ಜಾಗುತ್ತವೆ. ಬಿಡಿಭಾಗಗಳು ಕಡಿಮೆಯಿರುವುದರಿಂದ ಕೆಡುವುದೂ ಕಡಿಮೆ. ತೂಕ ಆರೂವರೆ ಪೌಂಡ್, ಅಂದರೆ ಮೂರು ಕಿಲೋಗೂ ತುಸು ಕಡಿಮೆ. ಇಡೀ ದಿನ ಮೊಳಕೈ ಮೇಲೆ ಹಾಕಿಕೊಂಡು ನಡೆದರೂ ಭುಜ ನೋಯುವುದಿಲ್ಲ.

ಕೊಳ್ಳುವವರು ಕೆತ್ತನೆಯ ಅಂದಕ್ಕೆ ಮರುಳಾಗದೆ ನಳಿಗೆಗಳನ್ನು ಕಳಚಿ ಅಡಿಯಲ್ಲಿರುವ ಮುದ್ರೆಗಳನ್ನು ಓದಬೇಕು. ಬರ್ಮಿಂಗ್‌ಹ್ಯಾಮಿನಲ್ಲಿ 1813ರ ಕಾಯಿದೆಯಂತೆ ಸ್ಥಾಪನೆಯಾದ ಪ್ರೂಫ್ ಹೌಸ್ ಪ್ರತಿ ನಳಿಗೆಯಲ್ಲೂ ಮಾಮೂಲಿಗಿಂತ ಹೆಚ್ಚು ಒತ್ತಡದ ಈಡು ಹೊಡೆದು ಪರೀಕ್ಷಿಸಿ ಮುದ್ರೆ ಒತ್ತುತ್ತದೆ. ನನ್ನ ಕೋವಿಯ ಮೇಲೆ ಕಿರೀಟದ ಗುರುತು, ತೋಟೆಯ ಕೋಣೆಯ ಉದ್ದ ಎರಡೂವರೆ ಇಂಚು, ತುಂಬಬಹುದಾದ ಚರೆ, ಅಂದರೆ ಸಣ್ಣ ಗುಂಡುಗಳು, ಹೆಚ್ಚೆಂದರೆ ಒಂದೂ ಎಂಟನೇ ಒಂದು ಔನ್ಸ್ ಎಂಬ ವಿವರಗಳು ಸ್ಪಷ್ಟವಾಗಿವೆ. ಇಷ್ಟನ್ನು ನೋಡಿಕೊಂಡ ನಾನು ನಳಿಗೆ ಬಗ್ಗುವ ಕೀಲನ್ನು ಮಾತ್ರ ಸರಿಯಾಗಿ ನೋಡಲಿಲ್ಲ. ಎರಡನೆಯ ಋತುವಿನಲ್ಲಿ ಹಳೆಯ ಗಟ್ಟಿ ಗ್ರೀಸನ್ನು ಒರೆಸಿ ತೆಗೆದಾಗ, ಬಿಗಿಯಾಗಿದೆ ಎಂದು ಮಾರಿದವರು ವಿವರಿಸಿದ್ದ ಕೀಲು ಲೊಟಲೊಟ ಅಲ್ಲಾಡತೊಡಗಿತು. ಮುಂಗೈ ಹಿಡಿಯುವ ಮರದ ತುಂಡನ್ನು ಕಳಚಿ, ಗ್ರೀಸ್ ಒರೆಸಿ, ಹಿಡಿಯನ್ನು ಹಿಡಿದು ಕಿವಿಯ ಬಳಿ ಅಲ್ಲಾಡಿಸಿ ನೋಡಿ ಎಂದು ಆಗ ಯಾರಾದರೂ ಹೇಳಿದ್ದರೆ ರಿಪೇರಿಯ 180 ಪೌಂಡ್ ಉಳಿಯುತ್ತಿತ್ತು.

ಇದಕ್ಕಿಂತ ಗಂಭೀರವಾದದ್ದು ತೋಟೆಯ ಉದ್ದದ ವಿಚಾರ, ಇಲ್ಲಿ ತಪ್ಪಿದರೆ ಹೋಗುವುದು ಹಣವಷ್ಟೇ ಅಲ್ಲ. ಎರಡೂವರೆ ಇಂಚಿನ ಕೋಣೆಗೆ 65 ಮಿಲಿಮೀಟರ್ ತೋಟೆ ಬೇಕು. ಈಗ ಎಲ್ಲೆಡೆ ಹೆಚ್ಚಾಗಿ ಮಾರುವುದು 70 ಮಿಲಿಮೀಟರಿನದು. ಪೆಟ್ಟಿಗೆಯ ಮೇಲೆ ಬರೆದಿರುವ ಉದ್ದ ಈಡು ಹಾರಿ ಬಾಯಿ ಬಿಚ್ಚಿದ ಖಾಲಿ ತೋಟೆಯದು. ತುಂಬಿದ ತೋಟೆಯ ಬಾಯಿ ಮಡಚಿರುವುದರಿಂದ 70ರ ತೋಟೆಯೂ ಹಳೆಯ ಕೋಣೆಯೊಳಗೆ ಸಲೀಸಾಗಿ ಕೂರುತ್ತದೆ, ಕೋವಿ ಮುಚ್ಚಿಕೊಳ್ಳುತ್ತದೆ, ಎಲ್ಲ ಸರಿಯಿದೆ ಎನಿಸುತ್ತದೆ. ಹಾರಿಸಿದಾಗ ಆ ಮಡಿಕೆ ಮುಂದಿನ ಇಕ್ಕಟ್ಟಿನಲ್ಲಿ ಬಿಚ್ಚಿಕೊಂಡು ಒತ್ತಡ ಏರುತ್ತದೆ. ನಾನು 28 ಗ್ರಾಮಿನ, ಆರನೇ ನಂಬರಿನ ಚರೆಯ 65ರ ತೋಟೆಯನ್ನು ಬಿಟ್ಟು ಬೇರೇನನ್ನೂ ಇದರಲ್ಲಿ ಹಾರಿಸುವುದಿಲ್ಲ. ಬಾತುಗಳಿಗೆ ಮಾತ್ರ ಬಿಸ್ಮತ್ ಎಂಬ ಲೋಹದ ಚರೆ, ಏಕೆಂದರೆ ಇಂಗ್ಲೆಂಡಿನಲ್ಲಿ 1999ರಿಂದ ಅವುಗಳಿಗೆ ಸೀಸ ನಿಷಿದ್ಧ. ಉಕ್ಕಿನ ಚರೆ ಇಂಥ ಹಳೆಯ ನಳಿಗೆಗೆ ಆಗಿಬರುವುದಿಲ್ಲ.

ಭುಜಕ್ಕೆ ಒತ್ತಿಕೊಳ್ಳುವ ಮರದ ಹಿಡಿ ಮೊದಲಿಗೆ ನನಗೆ ಉದ್ದವಾಗಿತ್ತು. ಎತ್ತುವಾಗ ಕೋಟಿಗೆ ಸಿಕ್ಕಿಕೊಳ್ಳುತ್ತಿತ್ತು, ಫೆಸೆಂಟ್ ಹಕ್ಕಿ ತಲೆಯ ಮೇಲೆ ಹಾದುಹೋದ ಮೇಲೆ ಈಡು ಹಾರುತ್ತಿತ್ತು. ಅರ್ಧ ಇಂಚು ಕತ್ತರಿಸಿದ ಮೇಲೆ ಕೋವಿಯನ್ನು ನೋಡದೆ ಹಕ್ಕಿಯನ್ನಷ್ಟೇ ನೋಡಲು ಸಾಧ್ಯವಾಯಿತು. ಆಕ್ರೋಟು ಮರದ ಆ ಬಿಲ್ಲೆಯನ್ನು ಕಸುಬುದಾರರು ಕಾಗದದಲ್ಲಿ ಸುತ್ತಿ ಕೈಗಿತ್ತು, ಮುಂದೆ ಉದ್ದ ತೋಳಿನವರಿಗೆ ಮಾರಿದರೆ ಬೇಕಾಗುತ್ತದೆ ಎಂದರು. ಅದು ಈಗಲೂ ಎಣ್ಣೆಯ ಡಬ್ಬಿಯಲ್ಲಿದೆ.

ಇನ್ನು ಪ್ರಯಾಣದ ಮಾತು. ಕೆಂಗಾಲಿನ ಕೌಜುಗಗಳಿಗೆಂದು ಮೂರು ಸಲ ಸ್ಪೇನಿನ ಲಾ ಮಾಂಚಾ ಬಯಲಿಗೆ ಹೋಗಿಬಂದೆ. ಸಾಲುಗಟ್ಟಿ ಬರುವ ಆಳುಗಳ ಕೂಗಿಗೆ ಎದ್ದ ಹಕ್ಕಿಗಳು ಆಲಿವ್ ತೋಪಿನ ನೆತ್ತಿಯನ್ನು ಸವರಿಕೊಂಡು ಬರುವುದನ್ನು ಎದುರಿಗೆ ನಿಂತು ನೋಡುವುದೇ ಒಂದು ಸೊಗಸು, ಅದರಲ್ಲಿ ದೂರಿಲ್ಲ. ಕೋವಿಯನ್ನು ಒಯ್ಯುವುದು ಮಾತ್ರ ರಗಳೆ. ಬ್ರಿಟನ್ ಐರೋಪ್ಯ ಒಕ್ಕೂಟದಿಂದ ಹೊರಬಂದ ಮೇಲೆ ನಮಗೆ ಐರೋಪ್ಯ ಕೋವಿ ಪಾಸು ಇಲ್ಲ. ಪ್ರತಿ ಸಲವೂ ತಾತ್ಕಾಲಿಕ ಪರವಾನಗಿ ಪಡೆದು, ವಿಮಾನ ನಿಲ್ದಾಣದಲ್ಲಿ ಗಾರ್ದಿಯಾ ಸಿವಿಲ್ ಪೊಲೀಸರಿಗೆ ಕೋವಿಯ ನಂಬರು ತೋರಿಸಬೇಕು. ವಿಮಾನದಲ್ಲಿ ಒಬ್ಬರಿಗೆ ಐದು ಕಿಲೋ ತೋಟೆಯಷ್ಟೇ ಮಿತಿ. ಅದು ನೂರಿಪ್ಪತ್ತರ ಒಳಗೇ ಮುಗಿಯುತ್ತದೆ, ನಾನು ಹೋದ ಊರಿನ ಅಂಗಡಿಯಲ್ಲಿದ್ದದ್ದು 70ರ ತೋಟೆಗಳೇ. ಒಮ್ಮೆ ವಿಮಾನ ಸಂಸ್ಥೆಯೊಂದು ಪೆಟ್ಟಿಗೆಯನ್ನು ಹಿಂದೆಯೇ ಬಿಟ್ಟು ನನ್ನನ್ನು ಮಾತ್ರ ಒಯ್ದಿತು. ಮೊದಲ ದಿನ ಬಾಡಿಗೆಯ ಕೋವಿಯಲ್ಲಿ ಹೊಡೆದೆ, ಒಪ್ಪಿಕೊಳ್ಳಲು ಕಷ್ಟವಾದರೂ, ಚೆನ್ನಾಗಿಯೇ ಹೊಡೆದೆ.

ಊರಿನವರು ಇದನ್ನು ಯಾವಾಗ ತರುತ್ತೀ ಎಂದು ಕೇಳುತ್ತಾರೆ. ಕೈಲ್‌ಪೊಳ್ದ್ ಹಬ್ಬದಲ್ಲಿ ಅಜ್ಜನ ಕೇಪಿನ ಕೋವಿಗೆ ಹೂ ಏರಿಸಿ ಬೆಳೆದ ಮನೆಯಲ್ಲಿ ಅದು ಸಹಜವಾದ ಪ್ರಶ್ನೆ. ಆದರೆ ಭಾರತದಲ್ಲಿ 1972ರ ವನ್ಯಜೀವಿ ಕಾಯಿದೆಯಡಿ ಈಗ ಹಕ್ಕಿಬೇಟೆಗೆ ಅವಕಾಶವಿಲ್ಲ, ಆಗಬೇಕಾದ್ದೂ ಹಾಗೆಯೇ. ಹಾರಿಸಲಾಗದ ಕೋವಿಯನ್ನು ಕಡಲು ದಾಟಿಸುವ ಪರವಾನಗಿಗಳಿಗೆ ಅಲೆದಾಡಲು ನನಗೆ ಮನಸ್ಸಿಲ್ಲ.

ಹನ್ನೊಂದು ವರ್ಷಗಳಲ್ಲಿ ಮುರಿದದ್ದು ಒಂದೇ, ಖಾಲಿ ತೋಟೆಯನ್ನು ಹೊರಕ್ಕೆ ಚಿಮ್ಮಿಸುವ ಎಡಗಡೆಯ ಎಜೆಕ್ಟರ್‌ನ ಸ್ಪ್ರಿಂಗು. ಅದಕ್ಕೆ ಅಂಗಡಿಯಲ್ಲಿ ಸಿದ್ಧ ಭಾಗವಿಲ್ಲ. ಕೈಯಲ್ಲಿ ಅರ ಹಿಡಿದು ತೀಡಿ, ಕಾಯಿಸಿ, ಹದ ಹಾಕಿ ಮಾಡಿಕೊಡಲು ಆರು ವಾರ ಹಿಡಿಯಿತು, ಫೆಬ್ರವರಿ 1ಕ್ಕೆ ಮುಗಿಯುವ ಫೆಸೆಂಟ್ ಋತು ಅಷ್ಟರಲ್ಲಿ ಕಳೆದುಹೋಗಿತ್ತು. ಅರ್ಧ ಅಂಕ ಕಳೆದದ್ದು ಅದಕ್ಕೆ.