ಕೋರ್ಸೇರ್ ಆರ್‌ಎಂ750ಎಕ್ಸ್: ಮಾಡ್ಯುಲರ್ ಎಸ್‌ಎಂಪಿಎಸ್‌ಗೆ ಇಷ್ಟು ದುಡ್ಡು ಕೊಡಬಹುದಾ?

ಕೊಡಬಹುದು. ಆದರೆ ಬರೀ ಮಾಡ್ಯುಲರ್ ಅನ್ನೋ ಕಾರಣಕ್ಕೆ ಕೊಡಬೇಡಿ. ಕಂಪ್ಯೂಟರಿಗೆ ಕರೆಂಟ್ ಹಂಚುವ ಈ ಡಬ್ಬಿಯಿಂದ ಕೇಬಲ್ ಬಿಚ್ಚಿ ಹಾಕೋಕೆ ಬರುತ್ತೆ ಅನ್ನೋದು ಒಂದು ಅನುಕೂಲ, ಅಷ್ಟೇ. ಕೇಬಲ್ಲೆಲ್ಲ ಬಿಚ್ಚೋಕೆ ಬರುವ ಕಳಪೆ ಎಸ್‌ಎಂಪಿಎಸ್ ಕೂಡ ಅಂಗಡಿಯಲ್ಲಿ ಸಿಗುತ್ತೆ, ಒಂದೂ ಕೇಬಲ್ ಬಿಚ್ಚೋಕೆ ಬಾರದ ಒಳ್ಳೆಯ ಎಸ್‌ಎಂಪಿಎಸ್ ಕೂಡ ಸಿಗುತ್ತೆ. ಡಬ್ಬಿಯ ಒಳಗೆ ಏನಿದೆ ಅನ್ನೋದೇ ಮುಖ್ಯ.

ನನ್ನ ಹತ್ತಿರ ಇರೋದು 2021ರ ಮಾಡೆಲ್. ಇದನ್ನು ಮೊದಲೇ ಹೇಳಬೇಕು, ಯಾಕಂದ್ರೆ ಇದೇ ಹೆಸರಲ್ಲಿ 2018ರಲ್ಲೂ ಒಂದು ಬಂದಿತ್ತು, 2024ರಲ್ಲೂ ಒಂದು ಬಂದಿದೆ, ಮೂರೂ ಬೇರೆ ಬೇರೆ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಹಳೆ ಸ್ಟಾಕ್, ಹೊಸ ಸ್ಟಾಕ್ ಎರಡೂ ಪಕ್ಕಪಕ್ಕದಲ್ಲೇ ಇರುತ್ತೆ. ಬಾಕ್ಸ್ ಮೇಲೆ ಏನು ಬರೆದಿದೆ ಅಂತ ಓದಿಯೇ ದುಡ್ಡು ಕೊಡಿ. 2021ರದ್ದು ಎಟಿಎಕ್ಸ್ 3.0 (ಎಸ್‌ಎಂಪಿಎಸ್ ಹೇಗಿರಬೇಕು ಅನ್ನೋ ನಿಯಮದ ಹೊಸ ಆವೃತ್ತಿ) ಅಲ್ಲ, ಅಂದ್ರೆ ಹೊಸ ಗ್ರಾಫಿಕ್ಸ್ ಕಾರ್ಡ್‌ಗಳಿಗೆ ಬೇಕಾಗುವ ಆ ಸಣ್ಣ 16 ಪಿನ್ನಿನ ಕೇಬಲ್ ಇದರ ಜೊತೆ ಬರೋದಿಲ್ಲ. 8 ಪಿನ್ ಹಾಕುವ ಕಾರ್ಡ್ ಇದ್ದರೆ ಏನೂ ತೊಂದರೆ ಇಲ್ಲ. ಮುಂದೆ ದೊಡ್ಡ ಕಾರ್ಡ್ ಹಾಕುವ ಯೋಚನೆ ಇದ್ದವರು 2024ರದ್ದನ್ನೇ ಹುಡುಕಿ, ಅದು ಎಟಿಎಕ್ಸ್ 3.1.

ನನ್ನ ಮಷೀನಿನಲ್ಲಿ ರೈಜನ್ 5 7600 ಪ್ರೊಸೆಸರ್, ಆರ್‌ಟಿಎಕ್ಸ್ 4070 ಗ್ರಾಫಿಕ್ಸ್ ಕಾರ್ಡ್. ವಿಡಿಯೋ ಎಡಿಟಿಂಗ್, ರಾತ್ರಿ ಒಂದಿಷ್ಟು ಗೇಮ್. ಪ್ರೊಸೆಸರ್ ಎಷ್ಟೇ ದುಡಿದರೂ 88 ವಾಟ್, ಕಾರ್ಡ್ 200 ವಾಟ್, ಬೋರ್ಡು, ಎಸ್‌ಎಸ್‌ಡಿ, ಫ್ಯಾನು ಎಲ್ಲ ಸೇರಿ ಇನ್ನೊಂದು ಐವತ್ತು ಅರವತ್ತು. ಒಟ್ಟು 350ರ ಆಸುಪಾಸು. ಹಾಗಾದ್ರೆ 750 ಯಾಕೆ ಅಂತ ಕೇಳಬಹುದು. ನಿಜ ಹೇಳಬೇಕಂದ್ರೆ ಒಳ್ಳೆಯ 550 ವಾಟಿನದ್ದೂ ಇದನ್ನು ಸಾಕುತ್ತೆ. ನಾನು 750 ತೆಗೆದುಕೊಂಡಿದ್ದಕ್ಕೆ ಕಾರಣ ಎರಡು. ಮುಂದೆ ಕಾರ್ಡ್ ಬದಲಾಯಿಸಿದರೂ ಎಸ್‌ಎಂಪಿಎಸ್ ಇದೇ ಇರಬೇಕು, ಹತ್ತು ವರ್ಷದ ವಾರಂಟಿ ಇರೋದನ್ನು ಮೂರು ವರ್ಷಕ್ಕೆ ಬದಲಾಯಿಸೋದರಲ್ಲಿ ಅರ್ಥ ಇಲ್ಲ. ಇನ್ನೊಂದು, ಅರ್ಧ ಲೋಡಿನಲ್ಲಿ ಇದು ಬಿಸಿಯಾಗೋದು ಕಡಿಮೆ, ಸದ್ದೂ ಕಡಿಮೆ. ಕಲಬುರಗಿಯ ಏಪ್ರಿಲ್, ಮೇ ತಿಂಗಳಲ್ಲಿ ಹೊರಗೇ 40 ಡಿಗ್ರಿ ದಾಟುತ್ತೆ, ಕ್ಯಾಬಿನೆಟ್ ಒಳಗಿನ ಗಾಳಿ ಅದಕ್ಕಿಂತ ಬಿಸಿ ಇರುತ್ತೆ. ಕೆಲವು ಕಂಪನಿಗಳು ತಾವು ಹೇಳುವ ವಾಟನ್ನು 40 ಡಿಗ್ರಿಗೆ ಹೇಳುತ್ತವೆ, ಇನ್ನು ಕೆಲವು ಎಷ್ಟು ಡಿಗ್ರಿ ಅಂತ ಹೇಳೋದೇ ಇಲ್ಲ. ಇದು 50 ಡಿಗ್ರಿಯಲ್ಲೂ ಪೂರ್ತಿ 750 ವಾಟ್ ಕೊಡುತ್ತೆ ಅಂತ ಕಂಪನಿ ಬರೆದುಕೊಟ್ಟಿದೆ. ಒಳಗಿನ ಕೆಪಾಸಿಟರ್‌ಗಳು ಜಪಾನಿನವು, 105 ಡಿಗ್ರಿ ತಡೆಯುವಂಥವು. ನಮ್ಮ ಕಡೆಯವರು ಮೊದಲು ನೋಡಬೇಕಾದ ಅಂಕಿ ಇವೇ ಅಂತ ನನಗನ್ನಿಸುತ್ತೆ.

ಸ್ಟಿಕ್ಕರ್ ಓದೋದನ್ನೂ ಸ್ವಲ್ಪ ಹೇಳ್ತೀನಿ. ದೊಡ್ಡ ಅಕ್ಷರದ ವಾಟ್ ಬಿಟ್ಟುಬಿಡಿ. +12ವಿ ಅಂತ ಇರುವ ಕಾಲಂನಲ್ಲಿ ಎಷ್ಟು ಆಂಪ್ ಅಂತ ನೋಡಿ, 12ರಿಂದ ಗುಣಿಸಿ. ಈಗಿನ ಪ್ರೊಸೆಸರ್, ಕಾರ್ಡ್ ಎರಡೂ ಕರೆಂಟ್ ಎಳೆಯೋದು 12 ವೋಲ್ಟಿನಿಂದಲೇ. ಇದರಲ್ಲಿ 62.5 ಆಂಪ್ ಇದೆ, ಗುಣಿಸಿದರೆ ಸರಿಯಾಗಿ 750. ಕ್ಯಾಬಿನೆಟ್ ಜೊತೆ ಬಿಟ್ಟಿ ಬರುವ 450 ವಾಟ್ ಅಂತ ಬರೆದಿರುವವುಗಳಲ್ಲಿ ಹೀಗೇ ಗುಣಿಸಿ ನೋಡಿ, ಎಷ್ಟೋ ಸಲ ಅರ್ಧಕ್ಕೆ ಬಂದು ನಿಲ್ಲುತ್ತೆ.

ಇದರ ಮೇಲಿರುವ 80 ಪ್ಲಸ್ ಗೋಲ್ಡ್ ಸರ್ಟಿಫಿಕೇಟ್ ಅಂದ್ರೆ ಕ್ವಾಲಿಟಿ ಅಂತ ತುಂಬಾ ಜನ ಅಂದ್ಕೊಂಡಿದ್ದಾರೆ. ಅದು ಕರೆಂಟ್ ಎಷ್ಟು ಪೋಲಾಗುತ್ತೆ ಅನ್ನೋ ಲೆಕ್ಕ ಮಾತ್ರ. 80 ಪ್ಲಸ್ ಗೋಲ್ಡ್‌ಗೆ ಅರ್ಧ ಲೋಡಿನಲ್ಲಿ 90 ಪರ್ಸೆಂಟ್ ದಾಟಬೇಕು, ಪೂರ್ತಿ ಲೋಡಿನಲ್ಲಿ 87. ಆ ಟೆಸ್ಟ್ 115 ವೋಲ್ಟಿನದು, ನಮ್ಮ 230 ವೋಲ್ಟಿನಲ್ಲಿ ಇನ್ನೂ ಒಂಚೂರು ಚೆನ್ನಾಗೇ ಬರುತ್ತೆ. ಮಷೀನ್ 300 ವಾಟ್ ಎಳೀತಿದೆ ಅಂದ್ಕೊಳ್ಳಿ. ಗೋಲ್ಡ್ ಆದ್ರೆ ಗೋಡೆಯಿಂದ ಸುಮಾರು 333 ವಾಟ್ ಹೋಗುತ್ತೆ, 75 ಪರ್ಸೆಂಟಿನ ಹಳೇ ಎಸ್‌ಎಂಪಿಎಸ್ ಆದ್ರೆ 400. ದಿನಕ್ಕೆ ಆರು ಗಂಟೆ ಓಡಿಸಿದರೆ ತಿಂಗಳಿಗೆ 12 ಯೂನಿಟ್ ವ್ಯತ್ಯಾಸ. ಬಿಲ್ಲಿನಲ್ಲಿ ಅದೇನು ದೊಡ್ಡ ಮೊತ್ತ ಅಲ್ಲ, ಆದರೆ ಆ 67 ವಾಟ್ ಕ್ಯಾಬಿನೆಟ್ ಒಳಗೇ ಶಾಖ ಆಗಿ ಕೂರುತ್ತೆ, ಬೇಸಿಗೆಯಲ್ಲಿ ಅದೇ ಜಾಸ್ತಿ ಕಾಡೋದು.

ಇನ್ನು ಕೇಬಲ್ ವಿಷಯ. ಇದು ಫುಲ್ ಮಾಡ್ಯುಲರ್, ಬೋರ್ಡಿನ 24 ಪಿನ್ ಕೂಡ ಬಿಚ್ಚಬಹುದು. ಬೇಕಾದಷ್ಟನ್ನೇ ಹಾಕಿದೆ, ಮಿಕ್ಕಿದ್ದು ಚೀಲಕ್ಕೆ ಹೋಯಿತು. ಕ್ಯಾಬಿನೆಟ್ ಸಣ್ಣದಿದ್ದವರಿಗೆ ಇದು ನಿಜವಾಗಿಯೂ ದೊಡ್ಡ ನೆಮ್ಮದಿ. ಆದರೆ ಉದ್ದ 160 ಮಿಲಿಮೀಟರ್ ಇದೆ, ಹಿಂದೆ ಕೇಬಲ್ ಬಾಗೋಕೆ ಇನ್ನೂ ಜಾಗ ಬೇಕು. ಹಾರ್ಡ್ ಡಿಸ್ಕ್ ಕೂರಿಸುವ ಗೂಡು ಅಡ್ಡ ಬರುತ್ತಾ ಅಂತ ಅಳೆದು ನೋಡಿಯೇ ತಗೊಳ್ಳಿ.

ಒಂದು ಮಾತನ್ನು ಮಾತ್ರ ದಯವಿಟ್ಟು ನೆನಪಿಡಿ. ಒಂದು ಎಸ್‌ಎಂಪಿಎಸ್‌ನ ಕೇಬಲ್ಲನ್ನು ಇನ್ನೊಂದಕ್ಕೆ ಹಾಕಬೇಡಿ. ಬೋರ್ಡಿನ ಕಡೆಯ ಪಿನ್ನುಗಳಿಗೆ ಒಂದು ನಿಯಮ ಇದೆ, ಎಲ್ಲ ಕಂಪನಿಗೂ ಒಂದೇ. ಎಸ್‌ಎಂಪಿಎಸ್ ಕಡೆಯ ಪಿನ್ನುಗಳಿಗೆ ಯಾವ ನಿಯಮವೂ ಇಲ್ಲ, ಪ್ರತಿ ಕಂಪನಿಯೂ ತನಗೆ ಬೇಕಾದಂತೆ ಜೋಡಿಸಿರುತ್ತೆ. ಪ್ಲಗ್ ಸಲೀಸಾಗಿ ಕೂರುತ್ತೆ, ಆದರೆ 5 ವೋಲ್ಟ್ ಬರಬೇಕಾದ ತಂತಿಯಲ್ಲಿ 12 ವೋಲ್ಟ್ ಬಂದು ಹಾರ್ಡ್ ಡಿಸ್ಕು, ಎಸ್‌ಎಸ್‌ಡಿ ಎಲ್ಲ ಒಂದೇ ಕ್ಷಣದಲ್ಲಿ ಸುಟ್ಟು ಹೋಗಬಹುದು. ಒಳಗಿದ್ದ ಮದುವೆ ಫೋಟೋ, ಮಕ್ಕಳ ವಿಡಿಯೋ ಎಲ್ಲವೂ ಹೋಗುತ್ತೆ. ಕೋರ್ಸೇರ್‌ನ ಒಳಗೇ ಟೈಪ್ 3, ಟೈಪ್ 4 ಅಂತ ಇದೆ, ಎರಡರ 24 ಪಿನ್ ಕೇಬಲ್ ಬೇರೆ ಬೇರೆ. ಆರ್‌ಎಂ750ಎಕ್ಸ್ 2021 ಟೈಪ್ 4, ಕೇಬಲ್ ಮೇಲೇ ಬರೆದಿರುತ್ತೆ. ಗೆಳೆಯರೊಬ್ಬರಿಗೆ ರಿಪೇರಿ ಅಂಗಡಿಯವರು ಎಸ್‌ಎಂಪಿಎಸ್ ಮಾತ್ರ ಬದಲಾಯಿಸಿ ಹಳೇ ಕೇಬಲ್ಲನ್ನೇ ಉಳಿಸಿ ಕೊಟ್ಟಿದ್ದರು, ಎರಡು ಹಾರ್ಡ್ ಡಿಸ್ಕ್ ಹೋದವು. ಹಾಗಾಗಿ ಆ ಕೇಬಲ್ ಚೀಲವನ್ನು ಬಿಲ್ಲಿನ ಜೊತೆಗೇ ಇಡಿ. ಸೆಕೆಂಡ್ ಹ್ಯಾಂಡ್ ತಗೊಳ್ಳೋರು ಚೀಲ ಇಲ್ಲದ ಮಾಡ್ಯುಲರ್ ಎಸ್‌ಎಂಪಿಎಸ್ ಮುಟ್ಟಲೇಬೇಡಿ, ಎಷ್ಟೇ ಕಡಿಮೆಗೆ ಕೊಟ್ಟರೂ.

ಕಾರ್ಡಿನಲ್ಲಿ ಎರಡು 8 ಪಿನ್ ಇದ್ದರೆ ಎರಡು ಬೇರೆ ಕೇಬಲ್ ಎಳೆಯಿರಿ. ಒಂದೇ ಕೇಬಲ್ಲಿನ ತುದಿಯಲ್ಲಿ ಎರಡು ಪ್ಲಗ್ ಇರುತ್ತೆ, ಕೆಲಸವೂ ಮಾಡುತ್ತೆ, ಆದರೆ ಒಂದೊಂದು 8 ಪಿನ್ನಿಗೆ 150 ವಾಟ್ ಲೆಕ್ಕ. ಕೇಬಲ್ ಇದ್ದೂ ಆ ಭಾರವನ್ನೆಲ್ಲ ಒಂದರ ಮೇಲೇ ಯಾಕೆ ಹಾಕಬೇಕು?

ಸದ್ದಿನ ಬಗ್ಗೆ ಹೇಳೋಕೆ ಜಾಸ್ತಿ ಏನೂ ಇಲ್ಲ, ಅದೇ ಇದರ ಹೆಚ್ಚುಗಾರಿಕೆ. ಲೋಡ್ ಕಡಿಮೆ ಇದ್ದಾಗ 140 ಮಿಲಿಮೀಟರಿನ ಫ್ಯಾನ್ ತಿರುಗೋದೇ ಇಲ್ಲ. ಹೊಸಬರು ಕೆಟ್ಟು ಹೋಗಿದೆ ಅಂತ ಗಾಬರಿ ಬೀಳಬೇಡಿ. ಗೇಮ್ ಆಡುವಾಗ ಕೇಳೋದು ಗ್ರಾಫಿಕ್ಸ್ ಕಾರ್ಡಿನ ಸದ್ದು ಮಾತ್ರ.

ರಿಪಲ್ (ವೋಲ್ಟಿನಲ್ಲಿ ಆಗುವ ಅತಿ ಸಣ್ಣ ಏರಿಳಿತ) ಅಳೆಯೋಕೆ ಆಸಿಲೋಸ್ಕೋಪ್ ಬೇಕು, ಅದು ನನ್ನ ಹತ್ತಿರ ಇಲ್ಲ. ಮಲ್ಟಿಮೀಟರ್ ಇದೆ, ಅದರಲ್ಲಿ ವೋಲ್ಟ್ ನೋಡಿದೆ. ಕೇಬಲ್ಲೆಲ್ಲ ಕಪ್ಪು ಬಣ್ಣದವೇ, ಹಳದಿ ಕೆಂಪು ತಂತಿ ಇಲ್ಲ, ಆದ್ದರಿಂದ ನಾಲ್ಕು ಪಿನ್ನಿನ ಮೋಲೆಕ್ಸ್ ಪ್ಲಗ್ಗಿನಲ್ಲಿ ಜಾಗ ನೋಡಿ ಹಿಡಿಯಬೇಕು. ನಡುವಿನ ಎರಡು ಗ್ರೌಂಡ್, ಆಚೀಚೆ ಇರೋದು 12 ಮತ್ತು 5. ನಿಯಮದ ಪ್ರಕಾರ 12 ವೋಲ್ಟ್ ಅನ್ನೋದು 11.4ರಿಂದ 12.6ರ ಒಳಗಿದ್ದರೆ ಸಾಕು. ಇದು ಸುಮ್ನೆ ಇದ್ದಾಗಲೂ ರೆಂಡರ್ ಹಾಕಿದಾಗಲೂ 12ರ ಪಕ್ಕದಲ್ಲೇ ನಿಂತಿತ್ತು, ಅಲುಗಾಡಿದ್ದು ತೀರಾ ಕಡಿಮೆ. ಖುಷಿಯಾಯಿತು.

ಕ್ಯಾಬಿನೆಟ್ ಮುಟ್ಟಿದರೆ ಜುಮ್ ಅನ್ನುತ್ತೆ, ಹೊಸ ಎಸ್‌ಎಂಪಿಎಸ್ ಹಾಕಿದರೆ ಹೋಗುತ್ತಾ ಅಂತ ಕೇಳುವವರು ತುಂಬಾ ಜನ. ಸಾಮಾನ್ಯವಾಗಿ ಹೋಗಲ್ಲ. ಎಸ್‌ಎಂಪಿಎಸ್ ಒಳಗಿನ ಫಿಲ್ಟರ್‌ನಿಂದ ಕ್ಯಾಬಿನೆಟ್ಟಿನ ಲೋಹಕ್ಕೆ ಒಂಚೂರು ಕರೆಂಟ್ ಹರಿಯೋದು ಸಹಜ, ಅದು ಅರ್ಥಿಂಗ್ ತಂತಿಯಲ್ಲಿ ಇಳಿದು ಹೋಗಬೇಕು. ಮನೆಯ ಸಾಕೆಟ್ಟಿನ ಮೂರನೇ ತೂತಿಗೆ ತಂತಿಯೇ ಇಲ್ಲದಿದ್ದರೆ ಅದು ನಿಮ್ಮ ಕೈಯಿಂದ ಇಳಿಯುತ್ತೆ. ಎಲೆಕ್ಟ್ರಿಷಿಯನ್ ಕರೆಸಿ ಮೊದಲು ಅದನ್ನು ಸರಿ ಮಾಡಿಸಿ. ಅರ್ಥಿಂಗ್ ಇಲ್ಲದ ಮನೆಯಲ್ಲಿ ಎಷ್ಟು ದುಬಾರಿ ಎಸ್‌ಎಂಪಿಎಸ್ ಇದ್ದರೂ ಆ ಜುಮ್ ನಿಲ್ಲೋದಿಲ್ಲ.

ಯುಪಿಎಸ್ ಬಗ್ಗೆಯೂ ಹೇಳಿಬಿಡ್ತೀನಿ. ಕರೆಂಟ್ ಹೋದಾಗ ಯುಪಿಎಸ್ ಬ್ಯಾಟರಿಗೆ ಬದಲಾಗೋಕೆ ಕೆಲವು ಮಿಲಿಸೆಕೆಂಡ್ ಬೇಕು, ಅಷ್ಟು ಹೊತ್ತು ಎಸ್‌ಎಂಪಿಎಸ್ ತನ್ನ ದೊಡ್ಡ ಕೆಪಾಸಿಟರ್‌ನಲ್ಲಿ ಉಳಿದದ್ದರಿಂದಲೇ ಮಷೀನನ್ನು ಹಿಡಿದಿಟ್ಟುಕೊಳ್ಳಬೇಕು. ಎಟಿಎಕ್ಸ್ ನಿಯಮ ಸುಮಾರು 16 ಮಿಲಿಸೆಕೆಂಡ್ ಕೇಳುತ್ತೆ, ಅಗ್ಗದವು ಇಲ್ಲೇ ಕೈಕೊಡೋದು. ನನ್ನಲ್ಲಿ ಬೇಸಿಗೆಯ ಪವರ್ ಕಟ್‌ಗಳಲ್ಲಿ ಮಷೀನ್ ಒಮ್ಮೆಯೂ ರೀಸ್ಟಾರ್ಟ್ ಆಗಿಲ್ಲ. ಆದರೆ ನನ್ನ ಯುಪಿಎಸ್ ಪ್ಯೂರ್ ಸೈನ್ ವೇವ್, ಅಂದ್ರೆ ಲೈನಿನ ಕರೆಂಟಿನಂತೆ ನಯವಾದ ಅಲೆ ಕೊಡುವಂಥದ್ದು. ಇಂಥ ಆಕ್ಟಿವ್ ಪಿಎಫ್‌ಸಿ (ಲೈನಿನ ಅಲೆಗೆ ಹೊಂದಿಕೊಂಡು ಕರೆಂಟ್ ಎಳೆಯುವ ಸರ್ಕ್ಯೂಟ್) ಇರುವ ಎಸ್‌ಎಂಪಿಎಸ್‌ಗಳನ್ನು ಅಗ್ಗದ ಸ್ಕ್ವೇರ್ ವೇವ್ ಯುಪಿಎಸ್‌ಗೋ ಇನ್ವರ್ಟರ್‌ಗೋ ಹಾಕಿದರೆ ಕೆಲವು ಸಲ ಕರೆಂಟ್ ಹೋದ ಕೂಡಲೇ ಮಷೀನೂ ಆಫ್ ಆಗುತ್ತೆ. ಕೊಳ್ಳುವ ಮೊದಲು ನಿಮ್ಮದು ಯಾವುದು ಅಂತ ನೋಡಿಕೊಳ್ಳಿ.

ಆಫೀಸ್ ಕೆಲಸ, ಟ್ಯಾಲಿ, ಬ್ರೌಸಿಂಗ್ ಅಷ್ಟೇ ಇದ್ದವರಿಗೆ ಇದು ಬೇಡ, ಒಳ್ಳೆಯ ಕಂಪನಿಯ 450 ವಾಟಿನ 80 ಪ್ಲಸ್ ಬ್ರಾಂಜ್ (ಗೋಲ್ಡ್‌ಗಿಂತ ಕೆಳಗಿನ ದರ್ಜೆ) ಸಾಕು, ಉಳಿದ ದುಡ್ಡಿಗೆ ಎಸ್‌ಎಸ್‌ಡಿ ಹಾಕಿಸಿ. ಗ್ರಾಫಿಕ್ಸ್ ಕಾರ್ಡಿಗೆ ನಲವತ್ತು ಐವತ್ತು ಸಾವಿರ ಸುರಿಯುವವರು ಮಾತ್ರ ಎಸ್‌ಎಂಪಿಎಸ್‌ನಲ್ಲಿ ಎರಡು ಸಾವಿರ ಉಳಿಸೋಕೆ ಹೋಗಬೇಡಿ. ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಬರೆಸಿಕೊಳ್ಳಿ, ಒಂದು ಫೋಟೋ ತೆಗೆದಿಡಿ. ಹತ್ತು ವರ್ಷದಲ್ಲಿ ಕಾಗದದ ಮೇಲಿನ ಅಕ್ಷರ ಮಾಸಿ ಹೋಗಿರುತ್ತೆ.